ಕಿಟಕಿಯ ಮೇಲಿಟ್ಟ ಬ್ಲೀಚು

ರಾಜಧಾನಿ ಸುವಾದ ನರ್ಸಿಂಗ್ ಕಾಲೇಜು ಸೇರಿದಾಗ ತೋರಿಕಾಗೆ ಮೂವತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಹದಿನಾರು ವರ್ಷ ಕಂಡಾವು ದ್ವೀಪದ ಪುಟ್ಟ ಆರೋಗ್ಯ ಕೇಂದ್ರದಲ್ಲಿ ಸಹಾಯಕಿಯಾಗಿದ್ದಳು. ಹೆರಿಗೆ ಮಂಚ ಒರೆಸುವುದು, ಕತ್ತರಿಗಳನ್ನು ನೆನೆಹಾಕುವುದು, ದೋಣಿಯಲ್ಲಿ ಬಂದ ಬಸುರಿಯರ ಬೆನ್ನು ನೀವುವುದು ಅವಳ ಕೆಲಸ. ಕಾಲೇಜಿಗೆ ಅರ್ಜಿ ತುಂಬಿಸಿದವರು ಕೇಂದ್ರದ ನರ್ಸ್ ಉನೈಸಿ.

"ಬಕೆಟ್ ಹೊತ್ಕೊಂಡೇ ಮುದುಕಿ ಆಗ್ತೀಯೇನೇ? ಹೋಗು, ನರ್ಸಾಗಿ ಬಾ" ಎಂದು ಬೈದೇ ಹಡಗು ಹತ್ತಿಸಿದ್ದರು.

ತರಗತಿಯಲ್ಲಿ ಉಳಿದವರೆಲ್ಲ ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಮೊದಲ ವಾರವೇ ಅವಳಿಗೆ 'ಅತ್ತೆ' ಎಂಬ ಹೆಸರು ಅಂಟಿತು. ದೇಹದ ಪಾಠ ಅವಳಿಗೆ ಸಲೀಸು, ಕಣ್ಣಾರೆ ಕಂಡದ್ದೇ ತಾನೆ. ಕಾಡಿದ್ದು ರಸಾಯನಶಾಸ್ತ್ರ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಇಪ್ಪತ್ತೆಂಟು. ಪಾಠ ಹೇಳುತ್ತಿದ್ದ ಬಿಸೇಸರ್ ಮೇಡಂ ಅವಳನ್ನು ಕೋಣೆಗೆ ಕರೆಸಿದರು.

"ಎಲ್ಲಿ ಸಿಕ್ಕಿಹಾಕ್ಕೊಂಡೆ?"

"ಮೋಲ್ ಅನ್ನೋದೇ ತಲೆಗೆ ಹತ್ತಲ್ಲ ಮೇಡಂ."

"ಅದು ಅಣುಗಳನ್ನ ಎಣಿಸೋ ಒಂದು ಎಣಿಕೆ ಅಷ್ಟೆ. ಹನ್ನೆರಡಕ್ಕೆ ಡಜನ್ ಅನ್ನಲ್ವಾ?"

"ನಮ್ಮೂರ ಕಡೆ ಹಳಬರು ನೂರು ತೆಂಗಿನಕಾಯಿಗೆ ಒಂದು ಕೋರೋ ಅಂತಿದ್ರು. ಹಂಗಾ?"

"ಹಂಗೇ. ಇದು ಸ್ವಲ್ಪ ದೊಡ್ಡ ಕೋರೋ. ನಿಮ್ಮ ದ್ವೀಪದ ಮರಗಳೆಲ್ಲ ಸೇರಿದ್ರೂ ಸಾಲಲ್ಲ!"

ತೋರಿಕಾ ನಕ್ಕಳು. ಅಂದಿನಿಂದ ಲೆಕ್ಕ ಕುಂಟುತ್ತಲಾದರೂ ನಡೆಯತೊಡಗಿತು.

ಈಸ್ಟರ್ ರಜೆಗೆ ಊರಿಗೆ ಹೊರಟವರಿಗೆಲ್ಲ ಮೇಡಂ ಒಂದು ಕೆಲಸ ಹಚ್ಚಿದರು: ಬರುವಾಗ ಮನೆಯಲ್ಲೋ ಆಸ್ಪತ್ರೆಯಲ್ಲೋ ಬಳಸುವ ಬ್ಲೀಚ್ ತರಬೇಕು, ಅದರ ಕಸುವನ್ನು ಅಳೆಯಬೇಕು. ತೋರಿಕಾ ಕೇಂದ್ರದ್ದೇ ಒಂದು ಬಾಟಲಿ ತಂದಳು. ಅಲ್ಲಿಗೆ ಬ್ಲೀಚ್ ಡ್ರಮ್ಮಿನಲ್ಲಿ ಬರುತ್ತಿತ್ತು. ಅದನ್ನು ತಂಪುಪಾನೀಯದ ಪಾರದರ್ಶಕ ಬಾಟಲಿಗಳಿಗೆ ಸುರಿದು, ಎಷ್ಟು ಉಳಿದಿದೆಯೆಂದು ಕಾಣಲೆಂದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು.

ಪ್ರಯೋಗದ ದಿನ ಬ್ಲೀಚಿಗೆ ಅಯೋಡೈಡ್ ಬೆರೆಸಿದಾಗ ಉಳಿದೆಲ್ಲರ ಗಾಜಿನ ಪಾತ್ರೆಯಲ್ಲೂ ದ್ರವ ಕಡು ಚಹಾದ ಬಣ್ಣಕ್ಕೆ ತಿರುಗಿತು. ಮೇಲಿನ ನಳಿಗೆಯಿಂದ ಬಣ್ಣ ಕಳೆಯುವ ದ್ರಾವಣ ಇಪ್ಪತ್ತು ಮಿಲಿಲೀಟರ್ ಬಿದ್ದ ಮೇಲೆ ಆ ಬಣ್ಣ ಹೋಯಿತು; ಬ್ಲೀಚಿನ ಕಸುವು ಹೆಚ್ಚಿದ್ದಷ್ಟೂ ಅದು ಹೆಚ್ಚು ಬೇಕು. ತೋರಿಕಾಳದ್ದು ಮಾತ್ರ ತೆಳು ಹಳದಿ. ಎರಡು ಮಿಲಿಲೀಟರ್ ಬೀಳುವುದರೊಳಗೆ ನೀರಿನಂತಾಯಿತು.

"ಅತ್ತೆ, ತೆಂಗಿನ ನೀರು ತಂದ್ರಾ?" ಪಕ್ಕದಲ್ಲಿದ್ದ ಹುಡುಗಿ ಛೇಡಿಸಿದಳು.

ಮತ್ತೆರಡು ಸಲ ಮಾಡಿದರೂ ಅಷ್ಟೇ. ಶೇಕಡಾ ನಾಲ್ಕು ಇರಬೇಕಾದ್ದು ಸೊನ್ನೆ ಬಿಂದು ಮೂರಕ್ಕೆ ಇಳಿದಿತ್ತು. "ಬಿಸಿಲು ತಿಂದುಬಿಟ್ಟಿದೆ" ಎಂದರು ಮೇಡಂ. ಕೇಂದ್ರದಲ್ಲಿ ಅದಕ್ಕೆ ಒಂಬತ್ತು ಪಾಲು ನೀರು ಬೆರೆಸುತ್ತಿದ್ದರು. ಅಂದರೆ ಹದಿನಾರು ವರ್ಷ ತಾನು ಹೆರಿಗೆ ಮಂಚವನ್ನು ಒರೆಸಿದ್ದು ಬರೀ ನೀರಿನಿಂದ! ತೋರಿಕಾಳಿಗೆ ನೆನಪಾದದ್ದು ಊರಿನ ಲೋಸಾನ ಅದೇ ಮಂಚದ ಮೇಲೆ ಹೆತ್ತ ಚೊಚ್ಚಲ ಕೂಸು. ಹೊಕ್ಕುಳು ಕೀವಾಗಿ, ಒಂಬತ್ತನೆಯ ದಿನ ತೀರಿಕೊಂಡಿತ್ತು.

"ಇದರಿಂದಲೇ ಹೋಯ್ತಾ ಮೇಡಂ?" ಕೂಸಿನ ಸಂಗತಿ ಹೇಳಿ ಕೇಳಿದಳು.

"ಗೊತ್ತಿಲ್ಲ ತೋರಿಕಾ. ಅದನ್ನ ಈ ನಳಿಗೆ ಹೇಳಲ್ಲ."

ಸಂಜೆ ಅವಳು ಉನೈಸಿಯವರಿಗೆ ಫೋನ್ ಮಾಡಿದಳು. "ನಾಲ್ಕು ತಿಂಗಳು ಕಾಲೇಜಿಗೆ ಹೋಗಿ ನನಗೇ ಬ್ಲೀಚ್ ಪಾಠ ಹೇಳ್ತೀಯಾ?" ಎಂದವರೇ ಫೋನ್ ಇಟ್ಟರು.

ಮುಂದಿನ ರಜೆಯಲ್ಲಿ ತೋರಿಕಾ ಮೇಡಂ ಕೊಟ್ಟ ಮೂರು ಸೀಸೆ ರಾಸಾಯನಿಕ, ಒಂದು ಹನಿಗೊಳವೆ ಕಟ್ಟಿಕೊಂಡು ನೇರ ಉನೈಸಿಯವರ ಅಡುಗೆಮನೆಗೆ ಹೋದಳು. ಆಗತಾನೆ ತೆರೆದ ಡ್ರಮ್ಮಿನದೊಂದು ಚಮಚ, ಕಿಟಕಿಯ ಬಾಟಲಿಯದೊಂದು ಚಮಚ. ಹನಿ ಹಾಕುವ ಕೆಲಸವನ್ನು ಅವರ ಕೈಗೇ ಕೊಟ್ಟಳು. ಡ್ರಮ್ಮಿನದರ ಬಣ್ಣ ಹೋಗಲು ಅರವತ್ತು ಹನಿ ಹಿಡಿಯಿತು. ಕಿಟಕಿಯದು ನಾಲ್ಕಕ್ಕೇ ಮುಗಿಯಿತು. ಉನೈಸಿ ಹನಿಗೊಳವೆಯನ್ನು ಕೆಳಗಿಟ್ಟರು.

"ಅಲ್ಲಿ ಇಡು ಅಂದವಳು ನಾನು."

"ಒರೆಸಿದವಳು ನಾನು, ಸಿಸ್ಟರ್."

ಆ ದಿನವೇ ಬಾಟಲಿಗಳೆಲ್ಲ ಕತ್ತಲೆಯ ಕಪಾಟು ಸೇರಿದವು. ಮರುದಿನ ಇಬ್ಬರೂ, ತಪ್ಪೊಪ್ಪಿಕೊಳ್ಳುವಾಗ ರೂಢಿಯಂತೆ ಕೊಡುವ ಯಂಗೋನಾ ಬೇರಿನ ಕಟ್ಟು ಹಿಡಿದು ಲೋಸಾನಳ ಮನೆಗೆ ಹೋಗಿ, ತಲೆ ತಗ್ಗಿಸಿ ಕುಳಿತು, ನಡೆದದ್ದನ್ನು ಇದ್ದಂತೆ ಹೇಳಿ ಕ್ಷಮೆ ಬೇಡಿದರು. ಗಂಡ ಕಟ್ಟನ್ನು ಮುಟ್ಟಿ ಸ್ವೀಕರಿಸಿದ. ಲೋಸಾನ ಮಾತ್ರ ಒಳಗಿಂದಲೇ ಕೇಳಿದಳು:

"ಯಾಕೆ ಬಂದು ಹೇಳಿದ್ರಿ? ದೇವರು ಕರ್ಕೊಂಡ ಅಂತ ಸಮಾಧಾನ ಮಾಡ್ಕೊಂಡಿದ್ದೆ."

ಇಬ್ಬರೂ ಎದ್ದು ಕೇಂದ್ರಕ್ಕೆ ಮರಳಿದರು.

ತೋರಿಕಾ ಆ ವರ್ಷ ರಸಾಯನಶಾಸ್ತ್ರದಲ್ಲಿ ಅರವತ್ತೊಂದು ಅಂಕ ಪಡೆದು ಪಾಸಾದಳು. ಓದು ಮುಗಿಸಿ ಅದೇ ಕೇಂದ್ರಕ್ಕೆ ನರ್ಸಾಗಿ ಬಂದಳು. ಅವಳು ಎದುರಾದರೆ ಲೋಸಾನ ದಾರಿ ಬದಲಿಸುತ್ತಿದ್ದಳು. ಆದರೆ ಎರಡನೆಯ ಬಸುರಿನಲ್ಲಿ ನೋವು ಶುರುವಾದಾಗ ಅವಳು ನಡೆದುಕೊಂಡು ಬಂದದ್ದು ಇಲ್ಲಿಗೇ.

"ಅದನ್ನ ಯಾವಾಗ ಕಲಸಿದ್ದು?" ಬ್ಲೀಚ್ ನೀರಿನ ಬಕೆಟ್ ತೋರಿಸಿ ಕೇಳಿದಳು.

"ಬೆಳಿಗ್ಗೆ."

"ನನ್ನೆದುರಿಗೆ ಇನ್ನೊಂದು ಸಲ ಒರೆಸು."

ತೋರಿಕಾ ಹೊಸದಾಗಿ ಕಲಸಿ, ಮಂಚದ ಕಾಲುಗಳನ್ನೂ ಬಿಡದೆ ಒರೆಸಿದಳು. ಮಂಚ ಆರುವತನಕ ಲೋಸಾನ ಬಾಗಿಲ ಕಂಬ ಹಿಡಿದು ನೋವು ತಿನ್ನುತ್ತ ನಿಂತೇ ಇದ್ದಳು. ಆಮೇಲೆ ಮೆಲ್ಲಗೆ ಮಲಗಿ ತೋರಿಕಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು, ತೂಕ ಮೂರು ಕಿಲೋ ಇನ್ನೂರು ಗ್ರಾಂ.