ಹತ್ತು ದಿನದ ನೆರಳು

ಟೀಚರ್ ನಡೆಯುವಾಗ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿರುತ್ತಿತ್ತು. ಆ ಭುಜಕ್ಕೆ ಸದಾ ಒಂದು ಖಾಕಿ ಚೀಲ; ಒಳಗೆ ಅಳತೆ ಟೇಪು, ಹಗ್ಗದ ಸುರುಳಿ, ಸೀಮೆಸುಣ್ಣ, ಮೊಸರನ್ನದ ಡಬ್ಬಿ. ಕೊಯಮತ್ತೂರಿನ ಪೀಳಮೇಡಿನ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಮೇಲೆ ಅವರು ಒಂದು ವಿಚಿತ್ರ ಕೆಲಸ ಹಿಡಿದಿದ್ದರು. ಸಂತೆ, ಬಸ್ ಸ್ಟ್ಯಾಂಡು, ಮುಚ್ಚಿದ ಮಿಲ್ಲಿನ ಗೇಟು, ಇಂಥ ಕಡೆ ಕೆಲವೇ ದಿನ ಇರುವ ಕಲಾಕೃತಿಗಳನ್ನು ಮಾಡಿಸುವುದು. ಖರ್ಚು ಹಳೆಯ ವಿದ್ಯಾರ್ಥಿಗಳದು.

"ಗ್ಯಾಲರಿ ಬಾಗಿಲಲ್ಲಿ ನಮ್ ಜನ ಚಪ್ಪಲಿ ಎಲ್ಲಿ ಬಿಡೋದು ಅಂತ ಕೇಳ್ತಾರೆ ಕಣ್ಣು. ಅವ್ರು ಬರೋದು ಬೇಡ, ನಾವೇ ಹೋಗಾಣ," ಎನ್ನುತ್ತಿದ್ದರು. ತಮಿಳರ ಹಾಗೆ ಎಲ್ಲರನ್ನೂ ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು.

ಕುನ್ನತ್ತೂರಿನ ಆಚೆ ನಮ್ಮ ಊರಿನ ಬಸ್ ಸ್ಟಾಪಿಗೆ ಅವರು ಬಂದದ್ದು ಒಂದು ಬೇಸಿಗೆಯಲ್ಲಿ. ರಸ್ತೆ ಅಗಲ ಮಾಡುವಾಗ ಅಲ್ಲಿದ್ದ ಹುಣಸೆಮರ ಹೋಗಿ, ತಿರುಪ್ಪೂರಿನ ಬಸ್ಸಿಗೆ ಕಾಯುವ ಹೆಂಗಸರು ಸೆರಗು ತಲೆಗೆ ಹೊದ್ದು ನಿಲ್ಲುತ್ತಿದ್ದರು. ಟೀಚರ್ ಒಂದು ವಾರ ಅವರ ಜೊತೆ ಸುಮ್ಮನೆ ಬಿಸಿಲಲ್ಲಿ ಕೂತರು. ಎಂಟನೆಯ ದಿನ, ಊರಲ್ಲಿ ಇನ್ನೂ ಕೈಮಗ್ಗ ನಡೆಸುವ ಮನೆ ಯಾವುದೆಂದು ಕೇಳಿಕೊಂಡು ನಮ್ಮ ಬಾಗಿಲಿಗೆ ಬಂದರು. ಒಳಗೆ ನಾವು ಕನ್ನಡ ಮಾತಾಡುವುದು ಕೇಳಿ ಮುಖವರಳಿತು. ಅವರದೂ ಕನ್ನಡದ ಬೇಸಾಯದ ಮನೆತನ.

ತಿರುಪ್ಪೂರಿನ ಬನಿಯನ್ ಕಂಪನಿಗಳು ಬಿಸಾಡುವ ಬಟ್ಟೆತುಂಡುಗಳಲ್ಲಿ ಆ ಸ್ಟಾಪಿಗೆ ಒಂದು ಚಪ್ಪರ ನೇಯಬೇಕು ಎಂದು ಮಗ್ಗದಲ್ಲಿ ಕೂತಿದ್ದ ನನಗೆ ಹೇಳಿದರು.

"ಡಿಸೈನ್ ಎಲ್ಲೈತೆ ಟೀಚರ್?"

"ಅದು ನಿಂದು. ಯಾವಾಗ ಕಟ್ತೀಯ, ಯಾವಾಗ ಬಿಚ್ತೀಯ, ಅದಷ್ಟು ನಂಗೆ ಹೇಳು."

ಹತ್ತು ದಿನ ಇರಲಿ ಎಂದೆ. ಬಸ್ಸಿಗೆ ಕಾಯುವ ಹೆಂಗಸರೇ ನನ್ನ ಜೊತೆ ಕೂತು ತುಂಡುಗಳನ್ನು ಹೊಸೆದರು, ಹೆಣೆದರು. ಕೆಂಪು, ಹಳದಿ, ಗಿಣಿಹಸಿರು. ಚಪ್ಪರ ಕಟ್ಟಿದ ಮೇಲೆ ಕೆಳಗೆ ನಿಂತವರ ಮುಖದ ಮೇಲೆಲ್ಲ ಬಣ್ಣ ಬೀಳುತ್ತಿತ್ತು. ಯಾವ ಬಸ್ಸಿಗೂ ಹೋಗದ ಒಬ್ಬ ಅಜ್ಜಿ ದಿನವೂ ಬಂದು ಅದರಡಿ ಕೂತು ವೀಳ್ಯದೆಲೆ ಹಾಕಿಕೊಳ್ಳುತ್ತಿದ್ದರು.

ಒಂಬತ್ತನೆಯ ದಿನ ಪಂಚಾಯತಿ ಅಧ್ಯಕ್ಷರು ಬಂದರು. "ನಲ್ಲಾ ಇರುಕ್ಕು, ಚೆನ್ನಾಗೈತೆ, ಇಲ್ಲೇ ಇರಲಿ. ನಮ್ಮದೊಂದು ಬೋರ್ಡು ಹಾಕಿಸ್ತೀನಿ," ಎಂದು ತಮಿಳು ಬೆರೆಸಿ ಹೇಳಿದರು. ನನಗೆ ಖುಷಿಯೋ ಖುಷಿ. ಟೀಚರ್ ಕೈ ಮುಗಿದರು.

"ಇದು ಬಟ್ಟೆ, ಸಾರ್. ಒಂದು ಮಳೆಗೆ ನೆನೆದು ಜನರ ತಲೆ ಮೇಲೆ ಬೀಳ್ತದೆ. ನೆಳಲು ಬೇಕಂದ್ರೆ ನೀವು ಶೆಡ್ ಕಟ್ಟಿ."

ಮರುದಿನ ಬಿಚ್ಚುವಾಗ ನಾನು ಅತ್ತುಬಿಟ್ಟೆ. ಟೀಚರ್‌ಗೆ ಬೆನ್ನು ಹಾಕಿಯೇ ಗಂಟು ಬಿಚ್ಚಿದೆ. ಅಜ್ಜಿ ಬಾಯಿಗೆ ಬಂದ ಹಾಗೆ ಬೈದರು. ಟೀಚರ್ ಊರು ಬಿಟ್ಟು ಹೋಗಲಿಲ್ಲ. ಮತ್ತೆ ಮೂರು ದಿನ ಅದೇ ಹೆಂಗಸರ ಜೊತೆ ಬಿಸಿಲಲ್ಲಿ ನಿಂತು ಬೈಗುಳ ಕೇಳಿದರು. "ಮೊದಲು ಈ ಬಿಸಿಲು ಅಭ್ಯಾಸ ಆಗಿತ್ತು. ಈಗ ತಡೆಯಕ್ಕಾಗಲ್ಲ," ಎಂದಳು ಒಬ್ಬಳು. "ಹಂಗಂತ ಪಂಚಾಯತಿಯವ್ರಿಗೇ ಹೇಳು," ಎಂದರು ಟೀಚರ್.

ಮುಂದಿನ ಸೋಮವಾರ ಹೆಂಗಸರೆಲ್ಲ ಕೆಲಸಕ್ಕೆ ಹೋಗದೆ, ಶೆಡ್ ಬೇಕೆಂದು ಪಂಚಾಯತಿ ಆಫೀಸಿನ ಮೆಟ್ಟಿಲ ಮೇಲೆ ಕೂತರು. ಎಲ್ಲರಿಗಿಂತ ಮುಂದೆ ಅಜ್ಜಿ. ಮುಂದಿನ ಬೇಸಿಗೆಗೆ ಮೊದಲೇ ತಗಡಿನ ಶೆಡ್ಡು ಎದ್ದಿತು, ಸಿಮೆಂಟಿನ ಕಟ್ಟೆಯೂ ಬಂತು. ಅದರ ಮೇಲೆ ಅಧ್ಯಕ್ಷರ ಹೆಸರಿತ್ತು, ನಮ್ಮದಿರಲಿಲ್ಲ. ಟೀಚರ್‌ಗೆ ಫೋನಿನಲ್ಲಿ ದೂರು ಹೇಳಿದೆ.

"ನೀನು ಮಾಡಿದ್ದು ಹೆಸರಿಗಾ, ನೆಳಲಿಗಾ?"

"ಎರಡಕ್ಕೂ."

ಅವರು ಗಟ್ಟಿಯಾಗಿ ನಕ್ಕರು. "ಪರವಾಯಿಲ್ಲ, ನಿಜ ಹೇಳ್ದೆ. ಇನ್ನೊಂದು ಕೆಲಸ ಐತೆ, ಬಾ."

ಆಮೇಲೆ ಆರು ಊರುಗಳಲ್ಲಿ ಅವರೊಂದಿಗೆ ಕೆಲಸ ಮಾಡಿದೆ. ಜಾಗವನ್ನು ಹೇಗೆ ನೋಡಬೇಕು, ದೊಡ್ಡವರಿಗೆ ಹೇಗೆ ಇಲ್ಲ ಎನ್ನಬೇಕು ಎಂಬುದನ್ನು ಅವರ ಪಕ್ಕದಲ್ಲಿ ನಿಂತು ಕಲಿತೆ. ಕಳೆದ ವರ್ಷ ವಾಲ್ಪಾರೈ ಬೆಟ್ಟದ ಚಹಾ ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆಗಳಲ್ಲಿ ಒಂದು ಕೆಲಸ ಶುರುಮಾಡಿದವರು, ಅರ್ಧದಲ್ಲೇ ಜ್ವರ ಹಿಡಿದು ಕೊಯಮತ್ತೂರಿನ ಆಸ್ಪತ್ರೆಗೆ ಸೇರಿದರು. ಮತ್ತೆ ಬೆಟ್ಟ ಹತ್ತಲಿಲ್ಲ. ಹನ್ನೊಂದನೆಯ ದಿನ ತೀರಿಕೊಂಡರು.

ಆ ಕೆಲಸ ಮುಗಿಸಲು ನಾನು ಘಾಟಿಯ ಬಸ್ಸು ಹತ್ತಿದೆ. ಅಲ್ಲಿ ಎಲೆ ಕೀಳುವ ಹೆಂಗಸೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮಗೆ ಇದನ್ನೆಲ್ಲ ಕಲಿಸಿದವರು ಯಾರು ಎಂದು ತಮಿಳಿನಲ್ಲಿ ಕೇಳಿದಳು.

"ನಮ್ಮ ಟೀಚರ್," ಎಂದೆ. ಅವರ ತರಗತಿಯಲ್ಲಿ ನಾನು ಒಂದು ದಿನವೂ ಕೂತವಳಲ್ಲ.