ತಿಮ್ಮರಾಜನ ಬಾಟಲಿ

ಚಲುವರಾಜು ಅಂದ ಮಾತನ್ನು ತಿಮ್ಮರಾಜು ಇವತ್ತಿಗೂ ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ಬೈದಿದ್ದರೆ ಬೈದುಕೊಳ್ಳಲಿ, ಮೆಕ್ಯಾನಿಕ್ಕು ಅಂದಮೇಲೆ ಬೈಗುಳ ಕೂಲಿಯ ಜೊತೆಗೇ ಬರುತ್ತದೆ. ಆದರೆ ಪಾಂಡವಪುರದ ಅವನ ಶೆಡ್ಡಿನ ಮುಂದೆಯೇ, ನಾಲ್ಕು ಜನ ಡ್ರೈವರುಗಳು ಟೀ ಕುಡಿಯುತ್ತಿರುವಾಗ, "ಪೆಟ್ರೋಲ್ ಇಳಿಸ್ಕಂಡು ನೀರು ಉಯ್ದವ್ನೆ" ಅಂದುಬಿಡುವುದೇ?

ಆಗಿದ್ದು ಇಷ್ಟು. ಚಲುವರಾಜು ಬಾಡಿಗೆಗೆ ಬಿಡುವ ಹಳೆಯ ಬಿಳಿ ಕಾರು ರಿಪೇರಿಗೆ ಬಂದು, ಎರಡು ದಿನ ಶೆಡ್ಡಿನ ಹೊರಗೆ ಮಳೆಯಲ್ಲಿ ನಿಂತಿತ್ತು. ಮೂರನೆಯ ದಿನ ಒಯ್ದರೆ, ಜಕ್ಕನಹಳ್ಳಿ ದಾಟಿ ಮೇಲುಕೋಟೆ ಬೆಟ್ಟ ಹತ್ತುವಷ್ಟರಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಎಳೆಸಿಕೊಂಡು ಬಂದು ಟ್ಯಾಂಕಿನ ತಳ ಬಿಚ್ಚಿದಾಗ ಸುರಿದದ್ದು ಎರಡು ಲೀಟರು ನೀರು. ತನ್ನ ಮೂರೂ ಗಾಡಿಗಳನ್ನು ಬೇರೆ ಶೆಡ್ಡಿಗೆ ಬಿಡುತ್ತೇನೆ ಎಂದ ಚಲುವರಾಜು. ಅವನು ಹೋದರೆ ಟೀ ಕುಡಿಯುತ್ತಿದ್ದವರೂ ಹೋಗುತ್ತಾರೆ. ಸ್ಪ್ಯಾನರ್ ಎಸೆದು ಕೂಗಾಡಿದ್ದರಿಂದ ತಿಮ್ಮರಾಜುವಿಗೆ ಸಿಕ್ಕಿದ್ದು, ನೀರು ಎಲ್ಲಿಂದ ಬಂತೆಂದು ತೋರಿಸಲು ಒಂದೇ ದಿನದ ಗಡುವು.

ಎಲ್ಲರೂ ಹೋದಮೇಲೆ ಆ ನೀರನ್ನು ಗಾಜಿನ ಬಾಟಲಿಗೆ ತುಂಬಿ ನೋಡುತ್ತ ಕೂತ. ಸಿಟ್ಟು ಇಳಿದಂತೆ ಕುತೂಹಲ ಏರಿತು. ಟ್ಯಾಂಕಿನ ಮುಚ್ಚಳದ ರಬ್ಬರು ಹರಿದಿತ್ತು, ಸರಿ. ಅಲ್ಲಿಂದ ಎಷ್ಟು ಮಳೆನೀರು ಇಳಿದೀತು? ಬಹಳವೆಂದರೆ ಅರ್ಧ ಲೀಟರು. ಉಳಿದ ಒಂದೂವರೆ ಎಲ್ಲಿಂದ ಬಂತು?

ಶೆಡ್ಡಿನ ಪಕ್ಕದಲ್ಲಿ ಕಡಲೆಕಾಯಿ ಮಾರುವ ಕುಳ್ಳಮ್ಮ ಬಾಟಲಿ ಕೇಳಿದಳು. ವಯಸ್ಸಿನಲ್ಲಿ ಕಬ್ಬಿನ ಗದ್ದೆಯ ಮರೆಯಲ್ಲಿ ಕಳ್ಳಬಟ್ಟಿ ಇಳಿಸಿ, ಎರಡು ಸಲ ಪೊಲೀಸರಿಂದ ಮಡಕೆ ಒಡೆಸಿಕೊಂಡವಳು. ಮೂಸಿದಳು, ಅಂಗೈಗೆ ಸವರಿ ಊದಿದಳು.

"ಇದು ಬರೀ ನೀರಲ್ಲ ಕಣ್ಲಾ. ಅಂಗೈ ತಣ್ಗಾಯ್ತದೆ ನೋಡು. ಪೆಟ್ರೋಲ್ ವಾಸ್ನೆ ಒಳಗೆ ನಮ್ ಬಟ್ಟಿ ವಾಸ್ನೆ ಕೂತದೆ."

ಬಂಕಿನ ಪೆಟ್ರೋಲಿನಲ್ಲಿ ಈಗ ಐದರಲ್ಲೊಂದು ಪಾಲು ಎಥೆನಾಲ್, ಅದು ಕಬ್ಬಿನಿಂದಲೂ ತೆಗೆಯುವ ಸಾರಾಯಿಯ ಜಾತಿಯದ್ದೇ ಎಂದು ಅವನಿಗೆ ಗೊತ್ತಿತ್ತು. ಅದರ ಗುಣ ಗೊತ್ತಿದ್ದದ್ದು ಕುಳ್ಳಮ್ಮನಿಗೆ. ಪೆಟ್ರೋಲಿಗೂ ನೀರಿಗೂ ಮಾತುಕತೆಯಿಲ್ಲ, ಸಾರಾಯಿಗೋ ನೀರೆಂದರೆ ತವರುಮನೆ. ಕಂಡ ತಕ್ಷಣ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕಿಳಿಯುತ್ತದೆ ಎಂದಳು. ಬೇಕಾದರೆ ಹೊಸ ಪೆಟ್ರೋಲಿಗೆ ನೀರು ಹಾಕಿ ನೋಡು ಎಂದಳು. ಏಳುವಾಗ ಒಂದು ಮಾತು ಸೇರಿಸಿದಳು.

"ನಾನ್ ಏಳ್ಕೊಟ್ಟಿದ್ದು ಅಂತ ಒಂದ್ಸಲ ಅವರ್ಗೆಲ್ಲ ಏಳ್ಬುಡಪ್ಪ. ಆ ಕಸುಬಿಂದ ನಂಗೆ ಬೈಗ್ಳು ಬುಟ್ರೆ ಇನ್ನೇನೂ ಬಂದಿಲ್ಲ."

ಹೇಳ್ತೀನಿ ಎಂದ.

ಮರುದಿನ ಚಲುವರಾಜುವಿನ ಕೈಯಿಂದಲೇ ಪೆಟ್ರೋಲ್ ತರಿಸಿದ. ನಾಲ್ಕು ಬೆರಳು ಪೆಟ್ರೋಲು, ಮೇಲೆ ಒಂದು ಬೆರಳು ನೀರು, ಕುಲುಕಿ ಇಟ್ಟ. ಡ್ರೈವರುಗಳು ಮೂಗು ತಾಗುವಷ್ಟು ಬಗ್ಗಿದರು. ಎಲ್ಲರ ಕಣ್ಣೆದುರೇ ಒಂದು ಬೆರಳು ನೀರು ಎರಡು ಬೆರಳಿನ ಹತ್ತಿರಕ್ಕೆ ಬಂತು. ಚಲುವರಾಜು ಕಾರಿನ ಕೀ ಮೇಜಿನ ಮೇಲಿಟ್ಟ.

ತಿಮ್ಮರಾಜು ಮುಚ್ಚಳದ ರಬ್ಬರು, ಮೆತ್ತಗಾಗಿದ್ದ ಪೈಪುಗಳು ಎಲ್ಲ ಬದಲಿಸಿದ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟು ತೆಗೆದು, ಎಥೆನಾಲಿಗೆ ಕಸುವು ಕಮ್ಮಿ, ತುಸು ಹೆಚ್ಚು ಹಾಯಲಿ ಎಂದು ಒಂದು ಸೈಜು ದೊಡ್ಡದು ಕೂರಿಸಿದ. ಖರ್ಚು ಸಾವಿರದ ಇನ್ನೂರು. ಕಾರು ಮೇಲುಕೋಟೆ ಬೆಟ್ಟವನ್ನು ಮೂರನೇ ಗೇರಿನಲ್ಲೇ ಹತ್ತಿತು. ಲೀಟರಿಗೆ ಹದಿನಾರು ಕಿಲೋಮೀಟರು ಕೊಡುತ್ತಿದ್ದದ್ದು ಮಾತ್ರ ಹದಿನೈದಾಯಿತು.

"ನಮ್ ಕಬ್ಬನ್ನ ನಮ್ ಕಾರಿಗೇ ಕುಡ್ಸಿ ನಮ್ತಾವೇ ಕಾಸು ಇಸ್ಕತಾವ್ರೆ ಬುಡು," ಎಂದು ಚಲುವರಾಜು ನಕ್ಕ. ಕ್ಷಮಿಸು ಅನ್ನಲಿಲ್ಲ.

ಸುದ್ದಿ ಹಬ್ಬಿತು. ಕೆ.ಆರ್. ಪೇಟೆಯಿಂದ ಶಿವಶಂಕರ್ ಎಂಬ ಮೆಕ್ಯಾನಿಕ್ಕು ನಾಗಮಂಗಲದ ಇಬ್ಬರನ್ನು ಕಟ್ಟಿಕೊಂಡು ಬಂದ. ಬಾಟಲಿಯ ಆಟ ನೋಡಿ, ಯಾರು ಕಲಿಸಿದರು ಎಂದು ಕೇಳಿದ. ಕುಳ್ಳಮ್ಮ ಅಳೆಯುತ್ತಿದ್ದ ಕಡಲೆಕಾಯಿ ಹಾಗೇ ಹಿಡಿದು ಇತ್ತ ತಿರುಗಿದಳು. ಚಲುವರಾಜುವೂ ಅಲ್ಲೇ ನಿಂತಿದ್ದ. ಕಳ್ಳಬಟ್ಟಿ ಮುದುಕಿ ಅಂದರೆ ಇವರೆಲ್ಲ ನಗುತ್ತಾರೆ, ಈಗಷ್ಟೇ ನೆಟ್ಟಗಾದ ಶೆಡ್ಡಿನ ಹೆಸರು ಮತ್ತೆ ಟೀ ಅಂಗಡಿಯ ಪಾಲಾಗುತ್ತದೆ ಅನ್ನಿಸಿತು ತಿಮ್ಮರಾಜುವಿಗೆ.

"ಯಾರ್ ಏಳ್ಕೊಡ್ತಾರ್ಲಾ? ನಾನೇ ತಲೆ ಓಡುಸ್ದೆ."

ಕುಳ್ಳಮ್ಮ ಕಡಲೆಕಾಯಿಯನ್ನು ಪೊಟ್ಟಣಕ್ಕೆ ಸುರಿದು ಶಿವಶಂಕರನ ಕೈಗಿಟ್ಟಳು.

ನಾಳೆ ಹೇಳಿದರಾಯಿತು ಎಂದುಕೊಂಡ. ಅವಳು ಕೇಳಲೂ ಇಲ್ಲ. ಆಷಾಢದಲ್ಲಿ ಪಾಲಹಳ್ಳಿಯ ಮಗಳ ಮನೆಗೆ ಹೊರಟುಹೋದಳು. ಕೆ.ಆರ್. ಪೇಟೆ ಕಡೆ ಈಗ ಗಾಡಿ ಕೆಮ್ಮಿದರೆ, ತಿಮ್ಮರಾಜನ ಬಾಟ್ಲಿ ಇಟ್ಟು ನೋಡು ಅನ್ನುತ್ತಾರಂತೆ. ಪಾಲಹಳ್ಳಿ ದೂರವೇನಲ್ಲ, ಬೈಕಿನಲ್ಲಿ ಹೋದರೆ ಅರ್ಧ ಗಂಟೆ. ಅವನು ಇನ್ನೂ ಹೋಗಿಲ್ಲ.