ಅನಿತಾ ಕೆಡವದೆ ಉಳಿಸಿದ್ದು

ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ನನ್ನ ಹಾರ್ಡ್‌ವೇರ್ ಅಂಗಡಿ. ಅದರ ಮಾಳಿಗೆಯಲ್ಲಿ ಸೀತೂರಿನ ಅನಿತಾಳ ಆಫೀಸು. ಆಫೀಸೆಂದರೆ ಒಂದು ಮೇಜು, ಒಂದು ಲ್ಯಾಪ್‌ಟಾಪ್, ‘ಚಪ್ಪಲಿ ಹೊರಗೆ ಬಿಡಿ’ ಎಂಬ ಚೀಟಿ. ತಾಯಿ ಕಮಲಕ್ಕ ಎಸ್ಟೇಟಿನಲ್ಲಿ ಕಾಫಿ ಕೊಯ್ಯುತ್ತಾಳೆ. ಮಗಳು ಎಲ್ಲೋ ದೂರದ ಕ್ಲೌಡ್‌ನಲ್ಲಿ ಬಾಡಿಗೆ ಕಂಪ್ಯೂಟರುಗಳನ್ನು ಕಟ್ಟುತ್ತಾಳೆ. ಬೇಕಾದ್ದನ್ನು ಪಟ್ಟಿ ಬರೆದು ಗುಂಡಿ ಒತ್ತಿದರೆ ಸಾಫ್ಟ್‌ವೇರೇ ಎಲ್ಲವನ್ನೂ ಕಟ್ಟಿ ನಿಲ್ಲಿಸುತ್ತದಂತೆ. ನನ್ನ ಪಟ್ಟಿಗೆ ಯಾವ ಡೀಲರೂ ಅಷ್ಟು ಮರ್ಯಾದೆ ಕೊಟ್ಟದ್ದು ನಾನು ಕಂಡಿಲ್ಲ.

ಅವಳ ನೌಕರಿ ಖಾಯಂ ಆಗಲು ಒಂದೇ ವಾರ ಬಾಕಿಯಿತ್ತು. ಅಂದು ಬೆಳಿಗ್ಗೆ ಒಂದು ಆಸ್ಪತ್ರೆಯ ದಾಖಲೆಗಳಿಗೆ ಹೊಸ ಕಂಪ್ಯೂಟರ್ ಕಟ್ಟುತ್ತಿದ್ದಳು. ಆಗಲೇ ನಾನು ಕೆಳಗೆ ಗಿರಾಕಿಗೆ ಕಟಿಂಗ್ ಮಷಿನ್ ಓಡಿಸಿ ತೋರಿಸಿದೆ. ಕಂಬದ ಫ್ಯೂಸೇ ಹೋಯಿತು. ಜೊತೆಗೆ ಅವಳ ಇಂಟರ್ನೆಟ್ಟೂ ಹೋಯಿತು. ಲೈನ್‌ಮನ್ ಬಂದದ್ದು ಎರಡು ತಾಸು ಬಿಟ್ಟು.

ಮಾಳಿಗೆ ಹತ್ತಿ ನೋಡಿದರೆ ಅವಳ ಮುಖ ಇಳಿದಿತ್ತು. ಕೆಲಸ ಕೊನೆಯ ಹೆಜ್ಜೆಯಲ್ಲಿ ತಪ್ಪಿದ್ದರಿಂದ ಸಾಫ್ಟ್‌ವೇರು ಆ ಇಡೀ ಕಂಪ್ಯೂಟರಿಗೆ ‘ಹಾಳು’ ಎಂದು ಗುರುತು ಹಾಕಿತ್ತು. ಫೋನಿನಲ್ಲಿ ಅವಳ ಮೇಲಧಿಕಾರಿ ನಿತೀಶ್.

“ಇನ್ನೊಂದ್ಸಲ ಓಡ್ಸಿ ಅನಿತಾ, ಮುಗೀತು.”

“ಓಡ್ಸಿದ್ರೆ ಇದನ್ನ ಕೆಡವಿ ಹೊಸದು ಕಟ್ಟುತ್ತೆ ಸರ್. ಆಸ್ಪತ್ರೆಯವ್ರು ನಾವು ಮುಗಿಸೋ ತನಕ ಕಾಯದೆ ಇದ್ರಲ್ಲೇ ಬರೆಯೋಕೆ ಶುರು ಮಾಡಿದಾರೆ. ನಲವತ್ತು ರೋಗಿಗಳ ವಿವರ ಹೋಗುತ್ತೆ.”

“ಹನ್ನೆರಡಕ್ಕೆ ಮುಗೀಬೇಕು. ನಿಮ್ಮ ರಿಪೋರ್ಟ್ ಬರೆಯೋನು ನಾನು, ನೆನಪಿರಲಿ.”

ಕರೆಂಟ್ ಬಂದೊಡನೆ ಎಲ್ಲ ಸ್ವಿಚ್ಚನ್ನೂ ಮತ್ತೊಮ್ಮೆ ಒತ್ತುವುದು ನಮ್ಮೂರ ಅಭ್ಯಾಸ. “ಒತ್ತಿಬಿಡು ಮಾರಾಯ್ತಿ, ಕೆಲ್ಸ ಹೋದೀತು” ಎಂದೆ.

“ಫ್ಯೂಸ್ ಹೋಯ್ತು ಅಂತ ಅಂಗಡಿ ಕೆಡವ್ತೀರಾ ಅಣ್ಣಾ?”

ಅವಳು ಒಂದೊಂದನ್ನೇ ಪರೀಕ್ಷಿಸಿದಳು. ಕಂಪ್ಯೂಟರ್ ಗಟ್ಟಿಯಾಗಿಯೇ ಇತ್ತು, ಸಣ್ಣದೊಂದು ಜೋಡಣೆ ಮಾತ್ರ ಬಾಕಿ. ಅದನ್ನು ಕೈಯಾರೆ ಮುಗಿಸಿ, ‘ಹಾಳು’ ಗುರುತು ತೆಗೆದು, ಮತ್ತೆ ಗುಂಡಿ ಒತ್ತಿದರೆ ಏನೇನಾಗುತ್ತದೆ ಎಂದು ಮೊದಲು ಸಾಫ್ಟ್‌ವೇರನ್ನೇ ಕೇಳಿದಳು. ಕೆಡವುವುದು ಸೊನ್ನೆ ಎಂದು ಬಂತು. ಆಮೇಲೆ ಒತ್ತಿದಳು. ಆಗ ಗಂಟೆ ಹನ್ನೆರಡೂ ಇಪ್ಪತ್ತು.

ತಡವೇಕೆಂದು ನಿತೀಶ್ ಕೇಳಿದ. ನಾನು ಮೆಟ್ಟಿಲ ಕಡೆ ನೋಡಿದೆ.

“ಕರೆಂಟ್ ಹೋಯ್ತು, ಇಂಟರ್ನೆಟ್ಟಿಗೆ ಯುಪಿಎಸ್ ಇಟ್ಕೊಳ್ದೇ ಇದ್ದದ್ದು ನನ್ನ ತಪ್ಪು ಸರ್” ಎಂದಳು.

ನೌಕರಿ ಖಾಯಂ ಆಯಿತು. ರಿಪೋರ್ಟಿನಲ್ಲಿ ‘ಸ್ವಲ್ಪ ನಿಧಾನ’ ಎಂದೂ ಬರೆದಿದ್ದನಂತೆ, ಪುಣ್ಯಾತ್ಮ.

ಆ ಕಟಿಂಗ್ ಮಷಿನ್ ಇನ್ನೂ ಮಾರಾಟವಾಗಿಲ್ಲ. ಈಗ ಯಾರಿಗಾದರೂ ತೋರಿಸುವ ಮೊದಲು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತೇನೆ: “ಅನಿತಾ, ಒತ್ಲಾ?”

“ತಡೀರಿ ಅಣ್ಣಾ!”

ಗಿರಾಕಿ ಗೊಣಗುತ್ತಾನೆ. ಗೊಣಗಲಿ, ನಾನೂ ಕಾಯುತ್ತೇನೆ.